ಕೆಂಪಕ್ಕಿಯ ಗಂಟು

ನಮ್ಮ ಊರಿನಲ್ಲಿ ಭಿಕ್ಷೆಗೆ ಬಂದವರ ಜೋಳಿಗೆಗೆ ಒಂದು ಹಿಡಿ ಬೀಳುವ ತನಕ ಒಲೆಯ ಮೇಲಿಟ್ಟದ್ದು ಬೇಯುವುದಿಲ್ಲ. ನೀರೇನೋ ಕುದಿಯುತ್ತದೆ, ಹಬೆ ಏಳುತ್ತದೆ, ಮುಚ್ಚಳ ಕುಣಿಯುತ್ತದೆ, ಒಳಗಿನ ಅಕ್ಕಿ ಮಾತ್ರ ಹಾಕಿದ ಹಾಗೇ ಇರುತ್ತದೆ. ಬೇಳೆಯೂ ಅಷ್ಟೆ, ರಾಗಿಹಿಟ್ಟೂ ಅಷ್ಟೆ. ಕಾಫಿಯೊಂದು ಆಗುತ್ತದೆ. ಅದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದ ಮೇಲೆ ಅದೂ ನಿಂತುಹೋದರೆ ಎಂಬ ಭಯ. ಬೇರೆ ಊರುಗಳಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಲ ವಾರ ಒಲೆಯ ಮುಂದೆ ಕೂತು ಅಳುತ್ತಾರೆ, ಎರಡನೆಯ ವಾರಕ್ಕೆ ಬಾಗಿಲಲ್ಲಿ ಹಿಡಿಯಕ್ಕಿ ಇಟ್ಟುಕೊಂಡು ಕಾಯುವುದನ್ನು ಕಲಿತಿರುತ್ತಾರೆ. ನಾನೂ ಹಾಗೆ ಬಂದು ಹಾಗೇ ಕಲಿತವಳು.

ಯಾವ ದಿನ ಯಾರು ಬರುತ್ತಾರೆ ಎಂಬುದು ಊರಿನ ಮಕ್ಕಳಿಗೆಲ್ಲ ಬಾಯಿಪಾಠ. ಸೋಮವಾರ ಗಂಟೆ ಬಾರಿಸುತ್ತ ಜಂಗಮ ರುದ್ರಯ್ಯನವರು. ಮಂಗಳವಾರ ತಲೆಯ ಮೇಲೆ ಅಮ್ಮನ ಬುಟ್ಟಿ ಹೊತ್ತ ಜೋಗತಿ ದುರುಗಮ್ಮ. ಬುಧವಾರ ಕಂದು ನಿಲುವಂಗಿಗೆ ಹಗ್ಗ ಬಿಗಿದುಕೊಂಡ ಬ್ರದರ್ ಇನ್ನಾಸಯ್ಯ, ಗುರುವಾರ ಕರಡಿಕೂದಲ ಟೋಪಿಯ ಗೊರವಯ್ಯ. ಶುಕ್ರವಾರ ನವಿಲುಗರಿಯ ಕಟ್ಟು ಮತ್ತು ಲೋಬಾನದ ಹೊಗೆಯ ಜೊತೆಗೆ ಫಕೀರ ದಾವಲಷಾ. ಶನಿವಾರ ಶಂಖ ಜಾಗಟೆಯ ತಿಮ್ಮದಾಸ. ಅವನಿಗೆ ಭಾನುವಾರದ್ದೂ ಸೇರಿಸಿ ಎರಡು ಹಿಡಿ. ಯಾವ ದೇವರ ಹೆಸರಿನವರು ಯಾರ ಬಾಗಿಲಿಗೆ ಬಂದರು ಎಂಬ ಮಾತು ನಮ್ಮಲ್ಲಿಲ್ಲ. ಮಸೀದಿ ಬೀದಿಯ ಹೆಂಗಸರು ಶಂಖದ ದನಿ ಕೇಳಿದರೆ ಓಡಿ ಬರುತ್ತಾರೆ, ಅಗ್ರಹಾರದ ಅಜ್ಜಿಯರು ಶುಕ್ರವಾರ ಲೋಬಾನದ ವಾಸನೆಗೆ ಮೂಗರಳಿಸಿಕೊಂಡು ಕೂತಿರುತ್ತಾರೆ.

ಇದನ್ನು ಕೇಳಿ ನಮ್ಮದು ದಾನಿಗಳ ಊರು ಅಂದುಕೊಳ್ಳಬೇಡಿ. ನಮ್ಮಷ್ಟು ಅನುಮಾನದ ಜನ ಇನ್ನೆಲ್ಲೂ ಸಿಗಲಿಕ್ಕಿಲ್ಲ. ಅನ್ನ ಬೇಯಬೇಕಾದರೆ ಎರಡು ವಿಷಯ ಸರಿಯಾಗಿರಬೇಕು. ಕೊಡುವ ಧಾನ್ಯ ಕೊಡುವವರ ಸ್ವಂತದ್ದಾಗಿರಬೇಕು, ತೆಗೆದುಕೊಳ್ಳುವವನು ನಿಜವಾಗಿ ದೀಕ್ಷೆ ಪಡೆದವನಾಗಿರಬೇಕು, ವೇಷದವನಾಗಿರಬಾರದು. ಮೊದಲನೆಯದನ್ನು ಕುರಿತು ಯಾರೂ ಮಾತಾಡುವುದಿಲ್ಲ. ಎರಡನೆಯದನ್ನು ಕುರಿತು ದಿನವಿಡೀ ಮಾತಾಡುತ್ತೇವೆ. ಜಂಗಮರು ಸಂತೆಯಲ್ಲಿ ಬೋಂಡ ತಿಂದರಂತೆ, ಬ್ರದರ್ ಯಾವಳೋ ಹೆಂಗಸಿನ ಜೊತೆ ನಗುತ್ತಿದ್ದರಂತೆ, ಗೊರವಯ್ಯನ ಟೋಪಿ ಕರಡಿಯದ್ದಲ್ಲವಂತೆ, ಮೇಕೆಯದಂತೆ. ಬಾಗಿಲಲ್ಲಿ ಕೈಮುಗಿದು ಹಾಕುವುದು, ಅವರು ಬೀದಿ ತಿರುಗಿದ ಕೂಡಲೇ ಮಡಕೆಯ ಮುಚ್ಚಳ ತೆಗೆದು ನೋಡುವುದು, ಇದು ನಮ್ಮ ನಿತ್ಯಕರ್ಮ.

ಊರಿನವರ ಅನುಮಾನ ಒಂದು ತೂಕವಾದರೆ ನನ್ನದು ಒಂದು ತೂಕ. ನಾನು ಹೊಂಬಾಳಮ್ಮ. ನನ್ನ ಯಜಮಾನರು ತೀರಿಕೊಂಡ ಮೇಲೆ ಬಸ್ ಸ್ಟ್ಯಾಂಡಿನ ಪಕ್ಕ ಮೆಸ್ ಇಟ್ಟುಕೊಂಡು ಬದುಕಿದವಳು. ಹಾಲಿನವನು ಹಾಲು ಅಳೆಯುವಾಗ ನಾನು ಅವನ ಹೆಬ್ಬೆರಳನ್ನು ನೋಡುತ್ತೇನೆ. ತರಕಾರಿಯವಳು ಹೊಗಳಿ ಮಾತಾಡಿದರೆ ಬುಟ್ಟಿಯ ಅಡಿಯ ಬದನೆಕಾಯಿ ತೆಗೆಸುತ್ತೇನೆ. ಒಂಟಿ ಹೆಂಗಸು ಹೀಗಿರದಿದ್ದರೆ ಜನ ಹುರಿದು ಮುಕ್ಕುತ್ತಾರೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ನಿಜವೂ ಹೌದು. ಆದರೆ ಬರುಬರುತ್ತ ನನಗೆ ಅನುಮಾನ ಪಡುವುದರಲ್ಲೇ ಒಂದು ರುಚಿ ಹತ್ತಿತ್ತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಆ ಶುಕ್ರವಾರ ನನ್ನ ಮೆಸ್ಸಿನಲ್ಲಿ ದೊಡ್ಡ ಊಟವಿತ್ತು. ಊರ ಯಜಮಾನ ಕೆಂಚವೀರಪ್ಪನವರ ಮಗಳನ್ನು ನೋಡಲು ಎರಡು ವ್ಯಾನಿನ ತುಂಬ ಬೀಗರು ಬರುವವರಿದ್ದರು. ಮನೆಯಲ್ಲಿ ಅಷ್ಟು ಜನಕ್ಕೆ ಮಾಡುವುದು ಕಷ್ಟವೆಂದು ನನಗೇ ವಹಿಸಿದ್ದರು. ಕೆಂಚವೀರಪ್ಪನವರು ಎಂದರೆ ಪಂಚರಲ್ಲಿ ಹಿರಿಯರು, ಊರ ಛತ್ರದ ಉಗ್ರಾಣದ ಬೀಗದ ಕೈ ಇಟ್ಟುಕೊಂಡವರು. ಅವರ ಮನೆಯ ಕಾರ್ಯ ಚೆನ್ನಾಗಿ ಆದರೆ ಮುಂದೆ ಮದುವೆಯ ಅಡುಗೆಯೂ ನನ್ನದೇ ಎಂದು ಲೆಕ್ಕ ಹಾಕಿದ್ದೆ. ಬೆಳಗಿನಿಂದ ಒಂದೇ ಕಾಲಿನಲ್ಲಿ ನಿಂತು ಹುಳಿಗೆ ಹೆಚ್ಚಿ, ಕಾಯಿ ತುರಿದು, ಅದರಲ್ಲೇ ಹೋಳಿಗೆಗೆ ಹೂರಣ ರುಬ್ಬಿ, ದೊಡ್ಡ ಹಂಡೆಯಲ್ಲಿ ಎಸರಿಟ್ಟೆ. ದಾವಲಷಾ ಒಬ್ಬ ಬಂದರೆ ಸಾಕು ಎಂದು ಕಿವಿ ಬೀದಿಯ ಕಡೆಗೇ ಇತ್ತು.

ಬಸ್ ಸ್ಟ್ಯಾಂಡಿನ ಬೀದಿಯ ಕೊನೆಯ ಮನೆ ನನ್ನದು. ಅವನು ಅಲ್ಲಿಗೆ ಬರುವ ಹೊತ್ತಿಗೆ ಬೀಗರ ವ್ಯಾನುಗಳು ಆಗಲೇ ಬಂದು ನಿಂತಿದ್ದವು. "ಅಲ್ಲಾ ಒಳ್ಳೇದು ಮಾಡ್ಲಿ ಅಮ್ಮಾ" ಎಂದು ಎಂದಿನ ಹಾಗೆ ಒಂದೇ ಸಲ ಕೂಗಿ ನಿಂತ. ನಾನು ಕೈಗೆ ಮೆತ್ತಿದ್ದ ಹೂರಣವನ್ನು ಒರೆಸಿಕೊಂಡು ಓಡಿ ಬಂದು ಭಿಕ್ಷೆಯ ಡಬ್ಬಿ ಎತ್ತಿದರೆ ಅದು ಖಾಲಿ. ಒಳಗಿನ ಮೂಟೆಯವರೆಗೆ ಹೋಗಬೇಕು, ಅಷ್ಟರಲ್ಲಿ ಬೀಗರು ಚಪ್ಪಲಿ ಬಿಡುತ್ತಿದ್ದಾರೆ. ಬಾಗಿಲ ಪಕ್ಕದಲ್ಲೇ ಒಂದು ಸಣ್ಣ ಚೀಲವಿತ್ತು. ಅದು ನನ್ನ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಕಲಾಯಿ ಸಂಕಯ್ಯನದು. ಪಾತ್ರೆಗಳಿಗೆ ಕಲಾಯಿ ಹಾಕಲು ಹಳ್ಳಿಗಳನ್ನು ಸುತ್ತುವವನು ಅವನು. ಹಳ್ಳಿಯವರು ಕೂಲಿಯ ಬದಲು ಕೊಟ್ಟ ಕೆಂಪಕ್ಕಿಯನ್ನು ಊರಿಗೆ ಒಯ್ಯಲು ಕೂಡಿಡುತ್ತಿದ್ದ. ಅವತ್ತು ಅವನು ಊರಲ್ಲಿರಲಿಲ್ಲ. ಚೀಲದ ಬಾಯಿ ಮಡಿಸಿ, ಅಕ್ಕಿಯ ಮೇಲೆ ಅಂಗೈ ಒತ್ತಿ ಗುರುತು ಮಾಡಿ ಹೋಗಿದ್ದ. ಆ ಗುರುತಿನ ನಡುವೆಯೇ ನಾನು ಕೈ ಹಾಕಿದೆ. ಒಂದು ಹಿಡಿ ತಾನೆ, ಸಂಜೆ ನನ್ನದು ಹಾಕಿದರಾಯಿತು. ಜೋಳಿಗೆಯಲ್ಲಿ ಸುರಿದು ಒಳಗೆ ಓಡಿದೆ.

ಮುಂದೆ ಏನಾಯಿತೆಂದು ನೀವೇ ಊಹಿಸಬಹುದು. ಮೂವತ್ತೆಂಟು ಎಲೆ ಹಾಕಿ ಉಪ್ಪು, ಕೋಸಂಬರಿ ಬಡಿಸಿ, ಹಂಡೆಯ ಮುಚ್ಚಳ ತೆಗೆದರೆ ಅಕ್ಕಿ ನೀರಿನಲ್ಲಿ ಕಲ್ಲಿನ ಹಾಗೆ ಕೂತಿದೆ. ಬೇಳೆಯೂ ಹಾಗೇ ಇದೆ. ಬೆಂಕಿ ಜಾಸ್ತಿ ಮಾಡಿದೆ, ಕೈ ಮುಗಿದೆ, ಬೈದೆ. ಬೀಗರು ಒಂದು ಗಂಟೆ ಕೋಸಂಬರಿ ತಿನ್ನುತ್ತ ಕಾದರು. ಬೇರೆ ಊರಿನವರು, ನಮ್ಮೂರ ಕಷ್ಟ ಅವರಿಗೇನು ಗೊತ್ತು. ಊಟಕ್ಕೆ ಕರೆದು ಅವಮಾನ ಮಾಡಿದರೆಂದು ಎದ್ದು ವ್ಯಾನು ಹತ್ತಿದರು. ಹುಡುಗಿ ಒಳಗೆ ಸೀರೆಯುಟ್ಟು ಕೂತಿದ್ದಳು, ಅವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಕೆಂಚವೀರಪ್ಪನವರು ನನ್ನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಇದಕ್ಕೇನು ಹೇಳ್ತೀಯ ಎಂದು ಕೇಳಿದರು.

"ಆ ಫಕೀರ ಸುಳ್ಳನಾಗವ್ನೆ ಯಜಮಾನ್ರೆ" ಎಂದೆ. "ನಾನು ಹಾಕಿದ್ದೀನಿ, ನನ್ನ ಕೈಯಾರೆ ಹಾಕಿದ್ದೀನಿ. ತಗೊಂಡೋನೇ ಸರಿಯಿಲ್ಲ."

ಆ ಮಾತಾಡುವಾಗ ನನಗೆ ಕೆಂಪಕ್ಕಿಯ ನೆನಪಿತ್ತೋ ಇಲ್ಲವೋ ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಇರಲಿಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಇರದಿದ್ದರೆ ಹಾಕಿದ್ದೀನಿ ಎಂದು ಎರಡೆರಡು ಸಲ ಯಾಕೆ ಹೇಳಿದೆ?

ಬೀದಿಯ ಬೇರೆ ಮನೆಗಳಲ್ಲಿ ಅವತ್ತು ಅನ್ನ ಬೆಂದಿತ್ತು. ಅದೇ ಫಕೀರನಿಗೆ ಹಾಕಿಯೇ ಬೆಂದಿತ್ತು. ನೆಟ್ಟಗೆ ಯೋಚಿಸುವ ಒಬ್ಬರಿದ್ದರೂ ಮಾತು ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸುದ್ದಿ ಹರಡುತ್ತಿದ್ದಂತೆ ಒಬ್ಬೊಬ್ಬರಿಗೂ ಒಂದೊಂದು ನೆನಪಾಗತೊಡಗಿತು. ನಮ್ಮನೆಯ ಅನ್ನವೂ ಯಾಕೋ ನಡುವೆ ಗಟ್ಟಿಯಾಗಿತ್ತು ಎಂದು ಅಕ್ಕಸಾಲಿಗರ ಮನೆಯಾಕೆ ಹೇಳಿದಳು. ಹೋದ ಶುಕ್ರವಾರವೂ ಮುದ್ದೆ ಕೈಗಂಟುತ್ತಿತ್ತು ಎಂದು ಇನ್ನೊಬ್ಬಳು. ಹಿಟ್ಟಿನ ಗಿರಣಿಯವನಿಗೆ ದಾವಲಷಾನ ಲೋಬಾನದ ವಾಸನೆ ಮೊದಲಿನ ಹಾಗಿಲ್ಲ ಎಂದು ಆರು ತಿಂಗಳಿಂದ ಅನ್ನಿಸುತ್ತಿತ್ತಂತೆ. ನನ್ನ ಮನೆ ಕೊನೆಯದಾದ್ದರಿಂದ, ನನ್ನ ಬಾಗಿಲಿಗೆ ಬರುವ ಮುಂಚೆ ಟೀ ಅಂಗಡಿಯ ಹಿಂದೆ ಅವನು ವ್ರತ ಕೆಡಿಸಿಕೊಳ್ಳುವ ಏನನ್ನೋ ಮಾಡಿದ್ದಾನೆ ಎಂಬುದು ಸಂಜೆಯ ಹೊತ್ತಿಗೆ ಎಲ್ಲರ ಬಾಯಲ್ಲೂ ಖಚಿತವಾಗಿತ್ತು. ಮೂವತ್ತು ವರ್ಷ ನಮ್ಮ ಬಾಗಿಲುಗಳಲ್ಲಿ ನಿಂತವನನ್ನು ಪಂಚರು ಕರೆಸಿ, ಇನ್ನು ಎಲ್ಲೆಗಲ್ಲು ದಾಟಬೇಡ ಎಂದರು. ಹೇಳುವುದೇನಾದರೂ ಇದೆಯೇ ಎಂದು ಕೇಳಿದ್ದಕ್ಕೆ ಅವನು ಇಲ್ಲ ಎಂದನಂತೆ. ತಪ್ಪು ಮಾಡದವನು ಸುಮ್ಮನೆ ಹೋಗುತ್ತಾನೆಯೇ ಎಂದು ಜನ ಅದನ್ನೂ ಹಿಡಿದುಕೊಂಡರು.

ಮಾರನೆಯ ದಿನ ಶನಿವಾರ. ಶಂಖ ಕೇಳಲಿಲ್ಲ. ಹನ್ನೆರಡು ಗಂಟೆಯವರೆಗೆ ಎಲ್ಲರೂ ಬಾಗಿಲಲ್ಲಿ ನಿಂತಿದ್ದರು. ಆಮೇಲೆ ಗದ್ದೆಗೆ ಹೋಗಿ ಬಂದವರಿಂದ ವಿಷಯ ತಿಳಿಯಿತು. ತಿಮ್ಮದಾಸ ಎಲ್ಲೆಗಲ್ಲಿನವರೆಗೆ ಬಂದು, ಅಲ್ಲಿ ಹೊಂಗೆಮರದ ಕೆಳಗೆ ಕೂತಿದ್ದ ದಾವಲಷಾನ ಪಕ್ಕದಲ್ಲಿ ತಾನೂ ಕೂತುಬಿಟ್ಟನಂತೆ. ಸೋಮವಾರ ರುದ್ರಯ್ಯನವರೂ ಅಲ್ಲೇ ಕೂತರು. ಮಂಗಳವಾರ ದುರುಗಮ್ಮ, ಬುಧವಾರ ಬ್ರದರ್. ಯಾರೂ ಏನನ್ನೂ ಕೇಳಲಿಲ್ಲ, ಜಗಳ ಮಾಡಲಿಲ್ಲ. ಸುಮ್ಮನೆ ಊರೊಳಗೆ ಬರಲಿಲ್ಲ, ಅಷ್ಟೆ. ಇವರೆಲ್ಲ ಮೊದಲಿನಿಂದಲೂ ಒಳಗೊಳಗೇ ಒಂದು ಎಂದು ನಮ್ಮವರು ಪತ್ತೆ ಹಚ್ಚಿದರು.

ಆ ವಾರ ಊರು ತಿಂದದ್ದನ್ನು ಹೇಳಿದರೆ ನಗುತ್ತೀರಿ. ನೆನೆಸಿದ ಅವಲಕ್ಕಿ, ಮಂಡಕ್ಕಿ, ಬಾಳೆಹಣ್ಣು, ಸೌತೆಕಾಯಿ. ಮಕ್ಕಳಿಗೆ ಎರಡು ದಿನ ಹಬ್ಬವಾಗಿ ಮೂರನೆಯ ದಿನದಿಂದ ಅನ್ನ ಅನ್ನ ಎಂದು ರಾಗ ತೆಗೆದವು. ಬಾಣಂತಿಯರಿಗೆ, ಮುದುಕರಿಗೆ ಬಹಳ ಕಷ್ಟವಾಯಿತು. ನನ್ನ ಮೆಸ್ಸಿನ ಒಲೆ ತಣ್ಣಗಾಯಿತು. ನಾನು ಜಗಲಿಯ ಮೇಲೆ ಕೂತು ಎಲ್ಲರ ಜೊತೆ ಫಕೀರನನ್ನು ಬೈಯುತ್ತಿದ್ದೆ, ಬೈದು ಒಳಗೆ ಬಂದರೆ ಕಣ್ಣು ತಾನಾಗಿ ಬಾಗಿಲ ಪಕ್ಕದ ಚೀಲದ ಮೇಲೆ ಬೀಳುತ್ತಿತ್ತು. ಈಗ ಬಾಯಿ ಬಿಟ್ಟರೆ ಕೆಂಚವೀರಪ್ಪನವರ ಮಗಳ ಸಂಬಂಧ ಮುರಿದದ್ದು ನನ್ನ ತಲೆಗೆ, ಊರು ವಾರವಿಡೀ ಅವಲಕ್ಕಿ ತಿಂದದ್ದು ನನ್ನ ತಲೆಗೆ. ಕದ್ದ ಅಕ್ಕಿಯಲ್ಲಿ ಭಿಕ್ಷೆ ಹಾಕಿದವಳ ಮನೆಯಲ್ಲಿ ಆಮೇಲೆ ಯಾರು ಊಟ ಮಾಡುತ್ತಾರೆ? ಇನ್ನೆರಡು ದಿನದಲ್ಲಿ ಪಂಚರೇ ಸೋತು ಫಕೀರನನ್ನು ಕರೆಸಿಕೊಳ್ಳುತ್ತಾರೆ, ನಾನು ನಡುವೆ ಬರುವುದು ಬೇಡ ಎಂದು ಸಮಾಧಾನ ಮಾಡಿಕೊಂಡೆ. ಚೀಲದೊಳಗೆ ನನ್ನದೊಂದು ಹಿಡಿ ಹಾಕೋಣವೆಂದರೆ ನನ್ನದು ಬಿಳಿಯಕ್ಕಿ.

ಗುರುವಾರ ಬೆಳಿಗ್ಗೆ ಸಂಕಯ್ಯ ಬಂದ. ಬಂದವನೇ ಚೀಲ ಬಿಚ್ಚಿ ನೋಡಿದ. ಅಂಗೈ ಗುರುತು ಕೆಟ್ಟಿದೆ, ಯಾರೋ ಕೈ ಹಾಕಿದ್ದಾರೆ ಎಂದು ಜಗಲಿಗೆ ಬಂದು ನಾಲ್ಕು ಜನರ ಮುಂದೆ ಹೇಳಿದ. ನಾನು ಕಂಬದ ಮರೆಗೆ ಸರಿದೆ. ಆದರೆ ಅವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಪಕ್ಕದಲ್ಲಿದ್ದ ಚೀಲಕ್ಕೆ ಬಾಗಿಲಲ್ಲಿ ನಿಲ್ಲುವವನು ತಾನೆ ಕೈ ಹಾಕಬೇಕು ಎಂದು ಗಿರಣಿಯವನು ಅಂದ. ಅನ್ನ ಯಾಕೆ ಬೇಯಲಿಲ್ಲ ಎಂಬುದಕ್ಕೆ ಇಷ್ಟು ದಿನ ಸರಿಯಾದ ಕಾರಣ ಸಿಕ್ಕಿರಲಿಲ್ಲ, ಈಗ ಸಿಕ್ಕಿತು: ಕದ್ದವನ ಕೈಗೆ ಭಿಕ್ಷೆ ಹಾಕಿದರೆ ಬೇಯುವುದಾದರೂ ಹೇಗೆ? ಐದೇ ನಿಮಿಷದಲ್ಲಿ ಮಾತು ಕೆಂಚವೀರಪ್ಪನವರ ಮನೆ ಮುಟ್ಟಿ, ಅವರು ಕೋಲು ಹಿಡಿದು ಹೊರಟು, ಹಸಿದ ಹೊಟ್ಟೆಯ ಊರು ಅವರ ಹಿಂದೆ ಹೊರಟಿತು. ಬೇಡಿಕೊಂಡು ತಿನ್ನುವವನನ್ನು ಸುಳ್ಳ ಎಂದರೆ ಅವನು ಇನ್ನೊಂದು ಊರಿಗೆ ಹೋಗಬಹುದು. ಕಳ್ಳ ಎಂದರೆ ಯಾವ ಊರಿಗೂ ಹೋಗಲಾರ. ಅಷ್ಟು ನನಗೂ ಗೊತ್ತಿತ್ತು. ಹೋಗದೆ ಇರಲಾರದೆ ನಾನೂ ಹೋದೆ.

ಹೊಂಗೆಮರದ ಕೆಳಗೆ ಆರು ಜನ ಕೂತಿದ್ದರು. ಆ ದಿನದ ಗೊರವಯ್ಯನೂ ಆಗಲೇ ಬಂದು ಸೇರಿದ್ದ. ಜೋಳಿಗೆ ತೋರಿಸು ಎಂದು ಕೆಂಚವೀರಪ್ಪನವರು ಕೇಳಿದರು. ಭಿಕ್ಷೆಯ ಜೋಳಿಗೆಯನ್ನು ಇನ್ನೊಬ್ಬರು ಮುಟ್ಟುವುದು ಅವರಲ್ಲಿ ದೊಡ್ಡ ಅವಮಾನ. ರುದ್ರಯ್ಯನವರು ಏಳಲು ಹೋದರು. ದಾವಲಷಾ ಅವರ ಮೊಣಕಾಲಿನ ಮೇಲೆ ಕೈಯಿಟ್ಟು ಕೂರಿಸಿ, ಹೆಗಲಿನಿಂದ ಜೋಳಿಗೆ ತೆಗೆದು ತಾನೇ ಕೊಟ್ಟ. ಅದನ್ನು ತಲೆಕೆಳಗು ಮಾಡಿದರು. ಲೋಬಾನದ ಡಬ್ಬಿ, ಒಂದು ತಟ್ಟೆ, ಹಳೆಯ ಜಪಮಾಲೆ ಬಿದ್ದವು. ಕೊನೆಗೆ ಒಂದು ಚಿಕ್ಕ ಬಟ್ಟೆಯ ಗಂಟು. ಗಿರಣಿಯವನು ಬಿಚ್ಚಿದ. ಒಂದೇ ಒಂದು ಹಿಡಿ, ಕೆಂಪಕ್ಕಿ.

ಇದು ನನ್ನದೇ ಎಂದು ಸಂಕಯ್ಯ ಕೂಗಿದ. ಜನ ಮುಂದೆ ನುಗ್ಗಿದರು, ಯಾರೋ ಫಕೀರನ ಅಂಗಿಯ ಕೊರಳು ಹಿಡಿದರು. ನಾನು ದಾವಲಷಾನ ಮುಖವನ್ನೇ ನೋಡುತ್ತಿದ್ದೆ. ಈಗ ನನ್ನನ್ನು ನೋಡುತ್ತಾನೆ, ಈಗ ಬೆರಳು ತೋರಿಸುತ್ತಾನೆ ಎಂದು ಕಾದೆ. ಅವನು ತಲೆ ತಗ್ಗಿಸಿ ನೆಲ ನೋಡುತ್ತಿದ್ದ. ನನ್ನ ಕಡೆ ಒಂದು ಸಲ ನೋಡಿದ್ದರೂ ಅದನ್ನು ಬೆದರಿಕೆ ಅಂದುಕೊಂಡು ನಾನು ಬಾಯಿ ಮುಚ್ಚಿಕೊಂಡೇ ಇರುತ್ತಿದ್ದೆನೋ ಏನೋ, ನನ್ನ ಬುದ್ಧಿ ನನಗೆ ಗೊತ್ತು. ಅವನು ನೋಡಲಿಲ್ಲ. ನನ್ನನ್ನು ಉಳಿಸಲು ಒಬ್ಬ ಮನುಷ್ಯ ನೆಲ ನೋಡಿಕೊಂಡು ಏಟು ತಿನ್ನಲು ನಿಂತಿದ್ದಾನೆ ಎನ್ನುವುದು ನನ್ನ ತಲೆಗೆ ಹೋಗುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತ್ತು.

"ಅವ್ರು ಕದ್ದಿಲ್ಲ" ಎಂದೆ. "ನಾನು ಕದ್ದದ್ದು. ನನ್ ಡಬ್ಬಿ ಖಾಲಿಯಾಗಿತ್ತು. ಸಂಕಯ್ಯನ ಚೀಲಕ್ಕೆ ಕೈ ಹಾಕಿ ಅವ್ರ ಜೋಳಿಗೆಗೆ ಹಾಕ್ದೆ. ಅನ್ನ ಬೇಯದೆ ಇದ್ದದ್ದು ನನ್ನಿಂದ."

ನಂಬಿದರು ಅಂದುಕೊಂಡಿರಾ? ನಮ್ಮೂರನ್ನು ನೀವಿನ್ನೂ ಅರಿತಿಲ್ಲ. ಮೆಸ್ಸಿನ ಒಲೆ ಆರಿದೆ, ಹೇಗಾದರೂ ಇವರನ್ನು ಒಳಗೆ ಕರೆಸಿಕೊಳ್ಳಬೇಕು ಎಂದು ಈಕೆ ನಾಟಕ ಆಡುತ್ತಿದ್ದಾಳೆ ಎಂದರು. ಫಕೀರ ಏನೋ ಊದಿ ಮಂಕುಬೂದಿ ಎರಚಿದ್ದಾನೆ ಎಂದೂ ಒಬ್ಬರು ಹೇಳಿದರು. ಕೆಂಚವೀರಪ್ಪನವರು ಮಾತ್ರ ನನ್ನನ್ನು ಒಂದು ಗಳಿಗೆ ದಿಟ್ಟಿಸಿ, ಹಾಗಾದರೆ ನೀನು ಹಾಕಿದ್ದನ್ನು ಅವನು ಬೇಯಿಸಿ ತಿನ್ನದೆ ಗಂಟು ಕಟ್ಟಿ ಯಾಕೆ ಇಟ್ಟುಕೊಂಡಿದ್ದಾನೆ, ಅದನ್ನು ಹೇಳು ಎಂದರು.

ಉತ್ತರ ಬಂದದ್ದು ದುರುಗಮ್ಮನಿಂದ. ಜೋಗತಿ ಎದ್ದು ಬಂದು ತನ್ನ ಬುಟ್ಟಿಯನ್ನು ಕೆಂಚವೀರಪ್ಪನವರ ಕಾಲಿನ ಮುಂದೆ ಇಳಿಸಿ, ದೇವರ ಮುಂದಿನ ಬಟ್ಟೆ ಸರಿಸಿದಳು. ಒಳಗೆ ಅಂಥವೇ ಗಂಟುಗಳು. ಎರಡಲ್ಲ ಮೂರಲ್ಲ, ಬುಟ್ಟಿಯ ಅಡಿ ಕಾಣದಷ್ಟು.

"ಕೊಟ್ಟೋರದ್ದಲ್ದೆ ಇರೋದನ್ನ ನಾವು ಬೇಯ್ಸಂಗಿಲ್ಲ ಯಜಮಾನ್ರೆ" ಎಂದಳು. "ಗಂಟು ಕಟ್ಟಿ ಮಡಗ್ತೀವಿ. ಯಾರ್ದೋ ಅವ್ರಿಗೆ ಸದ್ದಿಲ್ದೆ ಸೇರಿಸ್ತೀವಿ. ಸೇರಿಸಾಕೆ ಆಗ್ದೆ ಉಳಿದವು ಇವು. ಅವನೊಬ್ಬನದ್ದು ಯಾಕೆ ನೋಡ್ತೀರಿ, ನಮ್ಮೆಲ್ರದ್ದೂ ನೋಡಿ."

ತಿಮ್ಮದಾಸ ತನ್ನ ಜೋಳಿಗೆ ತೆರೆದ. ಬ್ರದರ್ ಇನ್ನಾಸಯ್ಯ ತಗಡಿನ ಡಬ್ಬಿಯ ಮುಚ್ಚಳ ತೆಗೆದರು. ಗೊರವಯ್ಯ ಟೋಪಿಯ ಒಳಗಿನಿಂದಲೂ ಎರಡು ಗಂಟು ತೆಗೆದಿಟ್ಟ. ಹುಲ್ಲಿನ ಮೇಲೆ ಗಂಟುಗಳ ಸಾಲು ಬೆಳೆಯಿತು. ಕೆಲವು ಬಟ್ಟೆಗಳು ಸವೆದು, ಒಳಗಿನದು ಹೊರಗೇ ಕಾಣುತ್ತಿತ್ತು: ರಾಗಿ, ಮುಗ್ಗುಲು ಹಿಡಿದ ತೊಗರಿಬೇಳೆ, ಹಳೆಯ ನುಚ್ಚು. ಅಕ್ಕಸಾಲಿಗರ ಮನೆಯಾಕೆ ಒಂದು ಗಂಟನ್ನು ನೋಡಿ ಸೆರಗು ಎಳೆದುಕೊಂಡಳು. ಗಿರಣಿಯವನು, ಬೀಸಲು ಕೊಟ್ಟವರ ಹಿಟ್ಟಿನಲ್ಲಿ ಒಂದೊಂದು ಹಿಡಿ ಉಳಿಸಿಕೊಳ್ಳುವವನೆಂದು ನಾನು ಯಾವಾಗಿನಿಂದಲೂ ಗುಮಾನಿ ಪಟ್ಟವನು, ತಾನು ಬಿಚ್ಚಿದ ಕೆಂಪಕ್ಕಿಯ ಗಂಟನ್ನು ಮತ್ತೆ ಕಟ್ಟತೊಡಗಿದ್ದ. ಆಗ ನನಗೆ ಹೊಳೆಯಿತು. ನಮ್ಮೂರಲ್ಲಿ ಆಗಾಗ ಒಂದೊಂದು ಮನೆಯವರು ಇವತ್ತು ನಮಗೆ ಉಪವಾಸ ಎಂದು ಬಾಗಿಲು ಹಾಕಿಕೊಳ್ಳುವುದುಂಟು. ಯಾವ ಹಬ್ಬವೂ ಇಲ್ಲದ ದಿನದ ಆ ಉಪವಾಸಗಳು ಎಂಥವು ಎಂದು ನಾನು ಒಮ್ಮೆಯೂ ಅನುಮಾನಿಸಿರಲಿಲ್ಲ.

ಸಾಲಿನ ಕೊನೆಯಲ್ಲಿ ಒಂದು ಗಂಟಿತ್ತು, ರುದ್ರಯ್ಯನವರು ಇಟ್ಟದ್ದು. ಅದರಲ್ಲಿದ್ದದ್ದು ಜೀರಿಗೆಯಷ್ಟು ಸಣ್ಣ, ಹಳದಿ ಬಣ್ಣಕ್ಕೆ ತಿರುಗಿದ ಅಕ್ಕಿ. ಅಂಥ ಅಕ್ಕಿ ಊರ ಛತ್ರದ ಉಗ್ರಾಣದಲ್ಲಲ್ಲದೆ ಬೇರೆಲ್ಲೂ ಇಲ್ಲ. ಕೆಂಚವೀರಪ್ಪನವರು ಅದನ್ನು ನೋಡಿದ್ದನ್ನು ನಾನು ನೋಡಿದೆ. ಅವರ ಕೋಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಯಿತು.

"ಯಾವ್ದು ಯಾವ ಮನೇದು ಅಂತ ಹೇಳ್ಲಾ?" ಎಂದು ದುರುಗಮ್ಮ ಕೇಳಿದಳು.

"ಬೇಡ ತಾಯಿ" ಎಂದರು ರುದ್ರಯ್ಯನವರು. "ಅದು ನಮ್ಮ ಕೆಲಸ ಅಲ್ಲ."

ಕೆಂಚವೀರಪ್ಪನವರು ಗಂಟಲು ಸರಿಮಾಡಿಕೊಂಡು, ಮಕ್ಕಳು ಮರಿ ಹಸಿದುಕೊಂಡಿವೆ, ಆದದ್ದು ಆಯಿತು, ಎಲ್ಲರೂ ಮೊದಲಿನ ಹಾಗೆ ಬನ್ನಿ ಎಂದು ಹೇಳಿ ಹಿಂದೆ ತಿರುಗಿ ನೋಡದೆ ನಡೆದರು. ಅವರ ಹಿಂದೆ ಊರೂ ನಡೆಯಿತು. ದಾವಲಷಾ ಕೆಂಪಕ್ಕಿಯ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಸಂಕಯ್ಯನಿಗೆ ಕೊಟ್ಟ. ಸಂಕಯ್ಯ ಅದನ್ನು ತೆಗೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಚೀಲ ಹೊತ್ತು ನನ್ನ ಕೋಣೆ ಖಾಲಿ ಮಾಡಿದ.

ಗೊರವಯ್ಯ ಅವತ್ತೇ ಮನೆಮನೆಗೆ ಬಂದ, ಊರಲ್ಲಿ ಹೊಗೆ ಎದ್ದಿತು, ಅನ್ನದ ವಾಸನೆ ಬೀದಿಗೆ ಬಂತು. ಎಲ್ಲವೂ ಮೊದಲಿನ ಹಾಗಾಯಿತು, ನನ್ನ ಮೆಸ್ ಒಂದನ್ನು ಬಿಟ್ಟು. ಹುಲ್ಲಿನ ಮೇಲೆ ಅಷ್ಟು ಗಂಟುಗಳಿದ್ದರೂ ಹೆಸರಿಟ್ಟು ಗೊತ್ತಾದದ್ದು ನನ್ನದೊಂದೇ, ಅದನ್ನೂ ಹೇಳಿದವಳು ನಾನೇ. ಮೊದಲು ನನ್ನ ಮಾತನ್ನು ನಂಬದ ಜನ ಮನೆಗೆ ಹೋಗಿ ಕೂತ ಮೇಲೆ ಪೂರ್ತಿ ನಂಬಿದರು. ಅಂಗಡಿಗೆ ಹೋದರೆ ಶೆಟ್ಟರು ಅಕ್ಕಿಯ ಮೂಟೆಗಳ ಬಾಯಿ ಮುಚ್ಚಿ ಏನು ಬೇಕು ಎನ್ನುತ್ತಿದ್ದರು. ಗಿರಣಿಯವನು ನನ್ನ ಹಿಟ್ಟನ್ನು ಎಲ್ಲರದ್ದೂ ಆದ ಮೇಲೆ ಬೀಸಿಕೊಡುತ್ತಿದ್ದ. ಬಸ್ಸಿನ ಡ್ರೈವರು ಕಂಡಕ್ಟರುಗಳೂ ಎದುರಿನ ಹೋಟೆಲಿಗೆ ಹೋದರು. ಒಂದು ಶುಕ್ರವಾರ ಹೋಯಿತು, ಎರಡು ಹೋದವು. ದಾವಲಷಾ ಬರುತ್ತಿದ್ದ, ಎಂದಿನ ಒಂದು ಮಾತು ಕೂಗುತ್ತಿದ್ದ, ನಾನು ನನ್ನ ಬಿಳಿಯಕ್ಕಿಯನ್ನೇ ಹಾಕುತ್ತಿದ್ದೆ, ಹೋಗುತ್ತಿದ್ದ. ಅವನು ಒಂದು ಮಾತು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅನ್ನ ಬೇಯುತ್ತಿತ್ತು, ಹೂವಿನ ಹಾಗೆ ಬೇಯುತ್ತಿತ್ತು, ಉಣ್ಣುವವರಿರಲಿಲ್ಲ. ನಾಲ್ಕನೆಯ ವಾರಕ್ಕೆ ಮೆಸ್ ಮುಚ್ಚಿ ಅಣ್ಣನ ಊರಿಗೆ ಹೋಗಿ ಅತ್ತಿಗೆಯ ಕೈಕೆಳಗೆ ಬಿದ್ದಿರುವುದೆಂದು ತೀರ್ಮಾನ ಮಾಡಿ, ಪಾತ್ರೆಗಳನ್ನು ತೊಳೆದು ಬೋರಲು ಹಾಕಿದೆ.

ಆ ಶುಕ್ರವಾರ ಅವನು ಬಂದಾಗ ತಡೆಯಲಾರದೆ ಕೇಳಿಯೇಬಿಟ್ಟೆ. ನಾನು ಹಾಕಿದ ಅಕ್ಕಿ ನನ್ನದಲ್ಲ ಎಂದು ಅವತ್ತೇ ಗೊತ್ತಿತ್ತಲ್ಲವೇ ಎಂದೆ. ಗೊತ್ತಿತ್ತು ಎಂದ. ಮೂವತ್ತು ವರ್ಷದಿಂದ ನಿಮ್ಮನೆಯಲ್ಲಿ ಬಿಳಿಯಕ್ಕಿಯೇ ಅಲ್ಲವೇ ಎಂದ. ಮತ್ತೆ ಪಂಚರು ಕೇಳಿದಾಗ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ನಿಮ್ಮನೇಲಿ ಯಾರಮ್ಮಾ ಊಟ ಮಾಡ್ತಿದ್ರು?"

ಅಷ್ಟು ಹೇಳಿ ಅವನು ನನ್ನ ಭುಜದ ಮೇಲಿಂದ ಒಳಗೆ ನೋಡಿದ. ಖಾಲಿ ಮಣೆಗಳ ಸಾಲು, ಬೋರಲು ಹಾಕಿದ ಪಾತ್ರೆಗಳು, ಒಲೆಯ ಮೇಲೆ ನನ್ನೊಬ್ಬಳಿಗೆ ಇಟ್ಟ ಸಣ್ಣ ಮಡಕೆ. ಆಮೇಲೆ ನವಿಲುಗರಿಯ ಕಟ್ಟನ್ನು ಗೋಡೆಗೆ ಒರಗಿಸಿ, ಲೋಬಾನದ ಬಟ್ಟಲನ್ನು ಹೊಸ್ತಿಲ ಪಕ್ಕ ಇಟ್ಟು, ಕಾಲು ತೊಳೆಯಲು ನೀರು ಕೇಳಿದ. ಭಿಕ್ಷೆಗೆ ಬರುವವರ್ಯಾರೂ ಯಾರ ಮನೆಯೊಳಗೂ ಕಾಲಿಡುವವರಲ್ಲ, ಎಲೆಯ ಮುಂದೆ ಕೂತು ಉಂಡವರೂ ಅಲ್ಲ. ಹಿಡಿ ಧಾನ್ಯ ತೆಗೆದುಕೊಂಡು ಊರ ಹೊರಗೆ ತಾವೇ ಬೇಯಿಸಿಕೊಳ್ಳುವುದು ಅವರ ನೇಮ. ನಿಜ ಹೇಳುತ್ತೇನೆ, ಆಗಲೂ ನನ್ನ ಮನಸ್ಸು ಇವನಿಗೆ ಇದರಿಂದ ಏನು ಬರುತ್ತದೆ ಎಂದು ಒಂದು ಕ್ಷಣ ಲೆಕ್ಕ ಹಾಕಿತು. ನಾಚಿಕೆಯಿಂದ ತಲೆ ತಗ್ಗಿಸಿ ತಂಬಿಗೆಯಲ್ಲಿ ನೀರು ತಂದುಕೊಟ್ಟೆ.

ಅವನು ಬೀದಿಯ ಕಡೆ ಮುಖ ಮಾಡಿ, ಬಾಗಿಲಿಗೆ ನೇರವಾದ ಮೊದಲ ಮಣೆಯ ಮೇಲೆ ಕೂತ. ಎಲೆ ಹಾಸಿ ನನ್ನ ಮಡಕೆಯ ಅನ್ನವನ್ನು ಬಡಿಸಿದೆ, ಸಾರು ಹಾಕಿದೆ. ಬೀದಿಯಲ್ಲಿ ಹೋಗುತ್ತಿದ್ದ ಗಿರಣಿಯವನು ನಿಂತ. ಎದುರು ಹೋಟೆಲಿನಿಂದ ಹಲ್ಲು ಚುಚ್ಚಿಕೊಳ್ಳುತ್ತ ಹೊರಬಂದ ಡ್ರೈವರೂ ನಿಂತ. ದಾವಲಷಾ ಅವರನ್ನು ನೋಡಲಿಲ್ಲ. ಕಲೆಸಿ ನಾಲ್ಕು ತುತ್ತು ಉಂಡ. ಮೂವತ್ತು ವರ್ಷ ಯಾವ ಬಾಗಿಲಲ್ಲೂ ಇನ್ನಷ್ಟು ಎಂದು ಕೇಳದವನು, ಯಾರು ಏನು ಹಾಕಿದರೆಂದು ಬಾಯಿ ಬಿಡದವನು, ತಲೆಯೆತ್ತಿ ಬೀದಿಗೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ:

"ಇನ್ನೊಂದ್ ಸೌಟು ಸಾರು ಹಾಕ್ರಮ್ಮಾ. ಭಾಳ ಚೆನ್ನಾಗದೆ."